ದೀಪದ ಆಯುಷ್ಯ: ಶರಾವತಿಯ ಮೂರು ತಾಲ್ಲೂಕುಗಳಲ್ಲಿ ವಿದ್ಯುದ್ದೀಪಗಳ ಪಾಲನೆ

೧

ನಮ್ಮ ನಾಡಿನ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ದಾಖಲಿಸುತ್ತಾರೆ. ಯಾವ ವರ್ಷದಲ್ಲಿ ಯಾವ ಉತ್ಪಾದನಾ ಕೇಂದ್ರ ಆರಂಭವಾಯಿತು ಎಂಬುದು ಒಂದು. ಯಾವ ವರ್ಷದಲ್ಲಿ ಯಾವ ಊರಿಗೆ ದೀಪ ಬಂದಿತು ಎಂಬುದು ಇನ್ನೊಂದು. ಬಂದ ದೀಪ ಎಷ್ಟು ಕಾಲ ಉರಿಯಿತು, ಅದನ್ನು ಉರಿಸಿಕೊಂಡು ಬರಲು ಮನೆಯವರು ಏನೇನು ಉಪಾಯಗಳನ್ನು ಕಂಡುಕೊಂಡರು ಎಂಬ ಮೂರನೆಯ ಪ್ರಶ್ನೆಯನ್ನು ಕೇಳಿದವರು ವಿರಳ. ಆದರೆ ಮನೆಯ ಯಜಮಾನನಿಗಾಗಲಿ, ರಾತ್ರಿ ದೀಪದ ಕೆಳಗೆ ಕುಳಿತು ಅಡಿಕೆ ಸುಲಿದ ಹೆಂಗಸಿಗಾಗಲಿ ಮುಖ್ಯವಾಗಿದ್ದುದು ಈ ಮೂರನೆಯ ಪ್ರಶ್ನೆಯೇ. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳನ್ನು ಆಧಾರವಾಗಿ ಇಟ್ಟುಕೊಂಡು ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಮೂರು ತಾಲ್ಲೂಕುಗಳನ್ನು ಒಟ್ಟಿಗೆ ತೆಗೆದುಕೊಳ್ಳಲು ಕಾರಣವಿದೆ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಮೂಲಕ ಹರಿದು, ಸಾಗರ ತಾಲ್ಲೂಕಿನ ಎಲ್ಲೆಯಲ್ಲಿ ಜೋಗದ ಬಳಿ ಧುಮುಕುತ್ತದೆ. ರಾಜ್ಯಕ್ಕೆ ಬೆಳಕು ಕೊಟ್ಟ ನದಿಯ ಮೇಲ್ಭಾಗವೆಲ್ಲ ಈ ಸೀಮೆಗೆ ಸೇರಿದುದು. ಬೆಳಕನ್ನು ಹುಟ್ಟಿಸಿದ ಸೀಮೆಯಲ್ಲಿ ಬೆಳಕಿನ ಬಾಳು ಹೇಗಿತ್ತು ಎಂದು ವಿಚಾರಿಸುವುದು ಆದುದರಿಂದ ಕೇವಲ ಕುತೂಹಲದ ಮಾತಲ್ಲ.

೨

ವಿದ್ಯುತ್ತು ಬರುವ ಮೊದಲೇ ಮಲೆನಾಡಿನ ಮನೆಗಳಲ್ಲಿ ದೀಪಪಾಲನೆಯ ಒಂದು ಶಿಸ್ತು ಬೆಳೆದಿತ್ತು. ಹೊನ್ನೆಣ್ಣೆಯ ದೀಪ, ಅನಂತರ ಸೀಮೆಎಣ್ಣೆಯ ಬುಡ್ಡಿ, ಲಾಟೀನು, ಮದುವೆಗೂ ಯಕ್ಷಗಾನದ ರಂಗಸ್ಥಳಕ್ಕೂ ಗ್ಯಾಸ್‌ಲೈಟು, ಹೀಗೆ ದೀಪಗಳು ಬದಲಾದರೂ ಶಿಸ್ತು ಬದಲಾಗಲಿಲ್ಲ. ಸಂಜೆಗೆ ಮುನ್ನ ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜುವುದು, ಬತ್ತಿಯ ಕರಿಯನ್ನು ಸಮನಾಗಿ ಕತ್ತರಿಸುವುದು, ಬತ್ತಿಯನ್ನು ಹೊಗೆ ಬರುವಷ್ಟು ಏರಿಸದಿರುವುದು ಪ್ರತಿದಿನದ ಕೆಲಸವಾಗಿದ್ದವು. ಗ್ಯಾಸ್‌ಲೈಟಿನ ಮ್ಯಾಂಟಲ್ ಒಮ್ಮೆ ಉರಿದ ಮೇಲೆ ಬೂದಿಯಷ್ಟೇ ಮೃದುವಾಗುತ್ತಿದ್ದುದರಿಂದ ಆ ದೀಪವನ್ನು ಅಲುಗಿಸದೆ ಒಯ್ಯುವುದು ಒಂದು ವಿದ್ಯೆಯೇ ಆಗಿತ್ತು.

ಈ ಹಳೆಯ ದೀಪಗಳಲ್ಲಿ ಒಂದು ಗುಣವಿತ್ತು: ಅವುಗಳ ರೋಗ ಕಣ್ಣಿಗೆ ಕಾಣುತ್ತಿತ್ತು. ಬತ್ತಿ ಕರಗಿದುದು, ಎಣ್ಣೆ ತೀರಿದುದು, ಗಾಜು ಮಸಿಯಾದುದು ಮಗುವಿಗೂ ತಿಳಿಯುತ್ತಿತ್ತು. ವಿದ್ಯುದ್ದೀಪವು ಈ ಗುಣವನ್ನು ಕಸಿದುಕೊಂಡಿತು. ಅದರ ಬಾಳನ್ನು ನಿರ್ಧರಿಸುವ ಒತ್ತಡ, ಬಿಸಿ, ತೇವ ಇವು ಯಾವುವೂ ಕಣ್ಣಿಗೆ ಬೀಳುವಂಥವಲ್ಲ. ಹಳೆಯ ಶಿಸ್ತು ಹೊಸ ದೀಪಕ್ಕೆ ಹೊಂದಿಕೊಳ್ಳಲು ಎರಡು ತಲೆಮಾರುಗಳೇ ಬೇಕಾದುದಕ್ಕೆ ಇದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

೩

ಮೈಸೂರು ಸಂಸ್ಥಾನದಲ್ಲಿ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಶರಾವತಿಯ ಸರದಿ ಬಂದುದು ಬಹು ತಡವಾಗಿ. ಜೋಗದ ಕೇಂದ್ರವು ೧೯೪೮ರಲ್ಲಿ ಕಾರ್ಯಾರಂಭ ಮಾಡಿ, ಮುಂದೆ ಮಹಾತ್ಮ ಗಾಂಧಿಯವರ ಹೆಸರನ್ನು ಪಡೆಯಿತು. ಪೂರ್ಣಗೊಂಡಾಗ ಅದರ ಸಾಮರ್ಥ್ಯ ೧೨೦ ಮೆಗಾವ್ಯಾಟ್. ಅದಕ್ಕೆ ನೀರೊದಗಿಸಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ೧೯೬೪ರಲ್ಲಿ ಲಿಂಗನಮಕ್ಕಿ ಜಲಾಶಯದೊಳಗೆ ತಾನೇ ಮುಳುಗಿತು. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ಕೇಂದ್ರದ ಹತ್ತು ಯಂತ್ರಗಳು ೧೯೭೭ರ ವೇಳೆಗೆ ಪೂರ್ಣಗೊಂಡವು. ಇಂದು ಅವುಗಳ ಒಟ್ಟು ಸಾಮರ್ಥ್ಯ ೧,೦೩೫ ಮೆಗಾವ್ಯಾಟ್. ಹೊಸನಗರ ತಾಲ್ಲೂಕಿನಲ್ಲಿ ಚಕ್ರಾ, ಸಾವೇಹಕ್ಲು ಜಲಾಶಯಗಳೂ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟೂ ಆ ಮೇಲೆ ಬಂದವು.

ಲಿಂಗನಮಕ್ಕಿಯ ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಊರುಗಳನ್ನು ನುಂಗಿತು. ಅಲ್ಲಿಂದ ಎದ್ದ ಕುಟುಂಬಗಳು ಕಾಡಿನ ಅಂಚಿನ ಹೊಸ ನೆಲೆಗಳಿಗೆ ಹೋದವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಅರವತ್ತು ವರ್ಷಗಳ ಮೇಲೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ. ತುಮರಿಯ ಸುತ್ತಣ ಪ್ರದೇಶ ಮೂರು ಕಡೆ ನೀರಿನಿಂದ ಆವೃತವಾಯಿತು. ಅಲ್ಲಿಯವರು ಸಾಗರಕ್ಕೆ ನೇರವಾಗಿ ಬರಲು ಲಾಂಚನ್ನು ನೆಚ್ಚಿದ ಕಾಲ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ೨೦೨೫ರ ಜುಲೈನಲ್ಲಿ ತೆರೆಯುವವರೆಗೂ ನಡೆಯಿತು. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಬವಣೆಗೆ ಸಾಹಿತ್ಯದ ರೂಪ ಕೊಟ್ಟರು. ದೊಡ್ಡ ತಂತಿಗಳು ತಲೆಯ ಮೇಲೆ ಹಾದುಹೋದರೂ ಕೆಳಗಿನ ಮನೆಗಳಲ್ಲಿ ಬುಡ್ಡಿದೀಪವೇ ಉರಿಯುತ್ತಿದ್ದುದು ಈ ಸೀಮೆಯ ಹಿರಿಯರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ.

ಇದಕ್ಕೆ ತಾಂತ್ರಿಕ ಕಾರಣವೂ ಇತ್ತು. ಉತ್ಪಾದನಾ ಕೇಂದ್ರದಿಂದ ಹೊರಡುವ ಅಧಿಕ ಒತ್ತಡದ ವಿದ್ಯುತ್ತನ್ನು ನೇರವಾಗಿ ಮನೆಗೆ ಕೊಡಲಾಗದು. ಅದು ಉಪಕೇಂದ್ರಗಳಲ್ಲಿ ಇಳಿದು, ಸಣ್ಣ ತಂತಿಗಳಲ್ಲಿ ಹರಿದು, ಊರಿನ ಟ್ರಾನ್ಸ್‌ಫಾರ್ಮರಿಗೆ ಬರಬೇಕು. ಮಲೆನಾಡಿನಲ್ಲಿ ಮನೆಗಳು ಒತ್ತಾಗಿಲ್ಲ; ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಕೇರಿ. ನಾಲ್ಕು ಮನೆಗಳಿಗಾಗಿ ಮೈಲಿಗಟ್ಟಲೆ ತಂತಿ ಎಳೆಯಬೇಕು. ತಂತಿ ಉದ್ದವಾದಷ್ಟೂ ಒತ್ತಡ ಕುಸಿಯುತ್ತದೆ. ಹೀಗಾಗಿ ದೀಪ ತಡವಾಗಿ ಬಂದಿತಲ್ಲದೆ, ಬಂದಾಗಲೂ ತಂತಿಯ ತುದಿಯ ದೀಪವಾಗಿಯೇ ಬಂದಿತು. ಈ ಒಂದು ಸಂಗತಿ ಮುಂದಿನ ಎಲ್ಲವನ್ನೂ ನಿರ್ಧರಿಸಿತು.

೪

ಮೊದಲು ಬಂದುದು ಬಲ್ಬು. ೧೯೩೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಂಪ್ ವರ್ಕ್ಸ್ ಕಾರ್ಖಾನೆಯು ನಾಡಿನ ಮನೆಗಳಿಗೆ ಬಲ್ಬನ್ನು ಪರಿಚಿತ ವಸ್ತುವನ್ನಾಗಿ ಮಾಡಿತು. ಸಾಮಾನ್ಯ ಬಲ್ಬಿಗೆ ತಯಾರಕರು ಹೇಳುತ್ತಿದ್ದ ಆಯುಷ್ಯ ೧,೦೦೦ ಗಂಟೆ. ಈ ಸಂಖ್ಯೆ ಕೇವಲ ಪ್ರಕೃತಿನಿಯಮದಿಂದ ಬಂದುದಲ್ಲ. ೧೯೨೪ರಲ್ಲಿ ಜಿನೀವಾದಲ್ಲಿ ಕೂಡಿದ ಜಗತ್ತಿನ ದೊಡ್ಡ ಬಲ್ಬು ತಯಾರಕರು ಫೀಬಸ್ ಎಂಬ ಒಕ್ಕೂಟವನ್ನು ರಚಿಸಿಕೊಂಡು, ಅದಕ್ಕಿಂತ ಹೆಚ್ಚು ಬಾಳುವ ಬಲ್ಬುಗಳನ್ನು ತಯಾರಿಸಿದವರಿಗೆ ದಂಡ ವಿಧಿಸುವ ಕಟ್ಟುಪಾಡನ್ನು ಮಾಡಿಕೊಂಡಿದ್ದರು.

ಆದರೆ ಮಲೆನಾಡಿನಲ್ಲಿ ಬಲ್ಬು ಈ ಲೆಕ್ಕವನ್ನು ಮೀರಿ ವರ್ಷಗಟ್ಟಲೆ ಉರಿಯುತ್ತಿತ್ತು. ‘ಹಳೆಯ ಕಾಲದ ಮಾಲು ಗಟ್ಟಿ’ ಎಂಬ ಜನರ ಮಾತಿನಲ್ಲಿ ಸ್ವಲ್ಪ ಸತ್ಯವಿರಬಹುದು. ಮುಖ್ಯ ಕಾರಣ ಬೇರೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತು ಕಾದು ಕಾದು ಸವೆಯುತ್ತದೆ, ಕೊನೆಗೆ ತುಂಡಾಗುತ್ತದೆ. ಒತ್ತಡ ಸ್ವಲ್ಪ ಇಳಿದರೂ ಸವೆತ ಬಹಳ ತಗ್ಗುತ್ತದೆ. ೨೩೦ ವೋಲ್ಟಿನ ಬಲ್ಬಿಗೆ ೨೦೭ ವೋಲ್ಟ್ ದೊರೆತರೆ ಅದರ ಆಯುಷ್ಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಬೆಳಕು ಮಾತ್ರ ಶೇಕಡ ೭೦ಕ್ಕೆ ಇಳಿಯುತ್ತದೆ. ೧೮೪ ವೋಲ್ಟಿಗೆ ಇಳಿದರೆ ಬೆಳಕು ಅರ್ಧಕ್ಕಿಂತಲೂ ಕಡಿಮೆ. ಅಂದರೆ ತಂತಿಯ ತುದಿಯ ಮನೆಯಲ್ಲಿ ಬಲ್ಬಿನ ಬಾಳು ಉದ್ದವಾಗಿತ್ತು, ಬೆಳಕು ಕುಂದಿತ್ತು. ಅಡಿಕೆ ಕೊಯ್ಲಿನ ದಿನಗಳಲ್ಲಿ ನಡುರಾತ್ರಿಯವರೆಗೆ ಮೆಟ್ಟುಕತ್ತಿಯ ಮುಂದೆ ಕುಳಿತವರು ಆ ಕೆಂಪು ತಂತುವಿನ ಪಕ್ಕದಲ್ಲಿ ಲಾಟೀನನ್ನೂ ಇಟ್ಟುಕೊಳ್ಳಬೇಕಾಗುತ್ತಿತ್ತು.

೧೯೭೦ರ ದಶಕದ ಕೊನೆಯಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆಯು ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕವನ್ನು ಕೊಟ್ಟಿತು. ಇದ್ದ ಒಂದೇ ಬಲ್ಬು ಹೋದರೆ ಮನೆಯೇ ಕತ್ತಲು. ಆದುದರಿಂದ ಬಲ್ಬನ್ನು ಉಳಿಸುವುದು ಈ ಮನೆಗಳಲ್ಲಿ ಗಟ್ಟಿಯಾದ ಸಂಸ್ಕಾರವಾಯಿತು. ಈ ಸಂಸ್ಕಾರದ ಮೂಲಸೂತ್ರ ಸರಳ: ಬೇಡದಾಗ ಆರಿಸು, ಬೇಕಾದಾಗ ಮಾತ್ರ ಹಚ್ಚು. ಬಲ್ಬಿನ ಮಟ್ಟಿಗೆ ಈ ಸೂತ್ರ ಸರಿಯೇ ಆಗಿತ್ತು.

೫

ಟ್ಯೂಬ್‌ಲೈಟು ಬಂದಾಗ ಈ ಸೂತ್ರ ತಲೆಕೆಳಗಾಯಿತು. ಈ ಲೇಖನದಲ್ಲಿ ನಾವು ಎತ್ತಿ ತೋರಿಸಬಯಸುವ ಮುಖ್ಯ ಸಂಗತಿ ಇದೇ. ಯಾವ ತಗ್ಗಿದ ಒತ್ತಡ ಬಲ್ಬಿಗೆ ದೀರ್ಘಾಯುಷ್ಯ ಕೊಟ್ಟಿತೋ ಅದೇ ಒತ್ತಡ ಟ್ಯೂಬಿಗೆ ಅಲ್ಪಾಯುಷ್ಯ ಕೊಟ್ಟಿತು.

ಟ್ಯೂಬಿನಲ್ಲಿ ಉರಿಯುವ ತಂತುವಿಲ್ಲ. ಪಾದರಸದ ಆವಿಯ ಮೂಲಕ ವಿದ್ಯುತ್ತು ಹರಿದು ಬೆಳಕಾಗುತ್ತದೆ. ಹೀಗೆ ಹರಿಯತೊಡಗಿದ ವಿದ್ಯುತ್ತು ತಡೆಯಿಲ್ಲದಿದ್ದರೆ ಕ್ಷಣದಲ್ಲಿ ಮಿತಿಮೀರಿ ಟ್ಯೂಬನ್ನೇ ನಾಶಮಾಡುತ್ತದೆ. ಆ ತಡೆಯೇ ಚೋಕು: ಕಬ್ಬಿಣದ ತಗಡುಗಳ ಸುತ್ತ ಸುತ್ತಿದ ತಾಮ್ರದ ತಂತಿ. ಸ್ಟಾರ್ಟರು ಮೊದಲು ಟ್ಯೂಬಿನ ಎರಡು ತುದಿಗಳನ್ನು ಕಾಯಿಸಿ, ಅನಂತರ ಥಟ್ಟನೆ ಬಿಡಿಸಿಕೊಳ್ಳುತ್ತದೆ. ಆಗ ಚೋಕಿನಲ್ಲಿ ಏಳುವ ಒತ್ತಡದ ಹೊಡೆತದಿಂದ ಟ್ಯೂಬು ಹತ್ತುತ್ತದೆ. ಪ್ರತಿಸಲ ಹತ್ತುವಾಗಲೂ ತುದಿಯ ತಂತುಗಳ ಮೇಲಿನ ಬೇರಿಯಂ ಮೊದಲಾದವುಗಳ ಲೇಪ ಸ್ವಲ್ಪ ಉದುರುತ್ತದೆ. ಲೇಪ ತೀರಿದ ದಿನ ಟ್ಯೂಬಿನ ಬಾಳೂ ತೀರುತ್ತದೆ. ತುದಿಗಳು ಕಪ್ಪಾಗುವುದು ಇದರ ಗುರುತು. ಆದುದರಿಂದ ಟ್ಯೂಬಿನ ಆಯುಷ್ಯವನ್ನು ಎಣಿಸುವಾಗ ಉರಿದ ಗಂಟೆಗಳಷ್ಟೇ ಹತ್ತಿಸಿದ ಸಲಗಳೂ ಲೆಕ್ಕಕ್ಕೆ ಬರುತ್ತವೆ. ಬಲ್ಬಿನ ಸಂಸ್ಕಾರದಂತೆ ಹತ್ತು ನಿಮಿಷಕ್ಕೊಮ್ಮೆ ಆರಿಸಿ ಹಚ್ಚಿದ ಮನೆಯವರು, ಉಳಿಸುತ್ತಿದ್ದೇವೆಂದು ತಿಳಿದು, ಟ್ಯೂಬನ್ನು ಬೇಗ ಸವೆಸುತ್ತಿದ್ದರು.

ಸಂಜೆ ಒತ್ತಡ ೧೮೦ ವೋಲ್ಟಿನ ಆಸುಪಾಸಿಗೆ ಇಳಿದಾಗ ಇನ್ನೊಂದು ಅನರ್ಥವಾಗುತ್ತಿತ್ತು. ಸ್ಟಾರ್ಟರು ಮಿಣುಕುತ್ತದೆ, ಟ್ಯೂಬು ಹತ್ತುವುದಿಲ್ಲ, ಮತ್ತೆ ಮಿಣುಕುತ್ತದೆ. ಒಂದು ಸಂಜೆಯಲ್ಲಿ ನೂರಾರು ಸಲ ತುದಿಗಳು ಕಾದು ಲೇಪ ಉದುರುತ್ತದೆ. ಕೆಲವೊಮ್ಮೆ ಸ್ಟಾರ್ಟರು ಒಳಗೇ ಅಂಟಿಕೊಂಡು, ಟ್ಯೂಬಿನ ಎರಡು ತುದಿಗಳು ಮಾತ್ರ ಕೆಂಪಗೆ ಉರಿಯುತ್ತಿರುತ್ತವೆ. ಆಗ ಚೋಕಿನ ಮೂಲಕ, ದೀಪ ಸರಿಯಾಗಿ ಉರಿಯುವಾಗ ಹರಿಯುವುದಕ್ಕಿಂತ ಹೆಚ್ಚಿನ ವಿದ್ಯುತ್ತು ಬಿಡುವಿಲ್ಲದೆ ಹರಿಯುತ್ತದೆ. ಚೋಕು ಕಾದು, ತಂತಿಯ ಹೊದಿಕೆ ಸುಟ್ಟು, ಅರಗಿನ ವಾಸನೆ ಮನೆಯನ್ನೆಲ್ಲ ತುಂಬುತ್ತದೆ. ಹೀಗೆ ಕೆಲವೇ ರೂಪಾಯಿಗಳ ಸ್ಟಾರ್ಟರಿನ ದೋಷದಿಂದ ಹತ್ತಾರು ಪಟ್ಟು ಬೆಲೆಯ ಚೋಕು ಹೋಗುತ್ತಿತ್ತು. ಬೈದುದು ಮಾತ್ರ ಅಗ್ಗದ ಚೋಕನ್ನು ಮಾರಿದ ಅಂಗಡಿಯವನನ್ನು.

ಅಗ್ಗದ ಚೋಕಿನಲ್ಲಿ ದೋಷವಿರಲಿಲ್ಲವೆಂದು ನಮ್ಮ ವಾದವಲ್ಲ. ತಾಮ್ರ ಕಡಿಮೆ, ತಗಡು ಕೀಳು. ಆದುದರಿಂದ ಹೆಚ್ಚು ಬಿಸಿ, ಹೆಚ್ಚು ಗುಂಯ್‌ಗುಡುವಿಕೆ. ೪೦ ವ್ಯಾಟಿನ ಟ್ಯೂಬಿನೊಂದಿಗೆ ಇಂಥ ಚೋಕು ತಾನೇ ಹತ್ತು ಹದಿನೈದು ವ್ಯಾಟನ್ನು ಬಿಸಿಯಾಗಿ ಕಳೆಯುತ್ತಿತ್ತು. ಆದರೆ ಕೀಳು ಚೋಕೂ ತಂಪಾಗಿದ್ದರೆ ಬಾಳುತ್ತದೆ. ತಂತಿಯ ಹೊದಿಕೆಯ ಬಿಸಿ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆಂಬುದು ವಿದ್ಯುತ್ ಯಂತ್ರಶಾಸ್ತ್ರದಲ್ಲಿ ಬಹುಕಾಲದಿಂದ ಒಪ್ಪಿದ ಸ್ಥೂಲನಿಯಮ. ಗಾಳಿಯಾಡದ ಪೆಟ್ಟಿಗೆಯಲ್ಲಿ ಅಥವಾ ಅಡಿಕೆ ಬೇಯಿಸುವ ಒಲೆಯ ಮೇಲ್ಗಡೆ ಬಿಗಿದ ಚೋಕಿಗೂ, ಗೋಡೆಯಿಂದ ಒಂದು ಬೆರಳು ಸರಿದು ಗಾಳಿಗೆ ತೆರೆದ ಚೋಕಿಗೂ ವರ್ಷಗಳ ಅಂತರ ಬೀಳುವುದು ಇದರಿಂದಲೇ.

೧೯೯೦ರ ದಶಕದ ನಂತರ ಹರಡಿದ ಎಲೆಕ್ಟ್ರಾನಿಕ್ ಚೋಕು ತಗ್ಗಿದ ಒತ್ತಡದಲ್ಲೂ ದೀಪವನ್ನು ಹತ್ತಿಸಿ, ಮಿಣುಕುವ ಪೀಡೆಯನ್ನು ಕಳೆಯಿತು. ಮಲೆನಾಡಿಗೆ ಅದು ವರವೆಂದೇ ತೋರಿತು. ಆದರೆ ಕಬ್ಬಿಣದ ಚೋಕು ಸಹಿಸುತ್ತಿದ್ದ ಸಿಡಿಲಿನ ಹೊಡೆತವನ್ನು ಇದು ಸಹಿಸದು. ಆಗುಂಬೆಯ ಸುತ್ತಣ ಮಳೆಗಾಲದ ತೇವ, ಒಳಹೊಕ್ಕ ಇರುವೆ, ಕೆಪ್ಯಾಸಿಟರನ್ನು ಒಣಗಿಸುವ ಬಿಸಿ ಇವೆಲ್ಲ ಅದರ ಶತ್ರುಗಳು. ತುದಿಗಳನ್ನು ಮೊದಲು ಕಾಯಿಸದೆ ಒಮ್ಮೆಗೇ ಹತ್ತಿಸುವ ಅಗ್ಗದ ಬಗೆಯದು, ಪದೇ ಪದೇ ಹಚ್ಚಿ ಆರಿಸಿದರೆ, ಟ್ಯೂಬನ್ನು ಇನ್ನೂ ಬೇಗ ಸವೆಸುತ್ತದೆ.

೬

ಇದುವರೆಗೆ ಮನುಷ್ಯರ ದೀಪಗಳ ಮಾತಾಯಿತು. ಸಸ್ಯಗಳಿಗಾಗಿ ಉರಿಸುವ ದೀಪಗಳನ್ನೂ ನೋಡಿದರೆ ನಮ್ಮ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಗಲು ರಾತ್ರಿಗಳ ಉದ್ದವನ್ನು ಅನುಸರಿಸಿ ಗಿಡಗಳು ಹೂಬಿಡುವುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ೧೯೨೦ರಲ್ಲಿ ತೋರಿಸಿಕೊಟ್ಟರು. ಈ ತತ್ತ್ವವನ್ನು ಅನುಸರಿಸಿ ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಪ್ರದೇಶಗಳಲ್ಲಿ ರೈತರು ಸೇವಂತಿಗೆಯ ಹೊಲದ ಮೇಲೆ ಸಾಲುಸಾಲಾಗಿ ಬಲ್ಬುಗಳನ್ನು ಕಟ್ಟಿ ರಾತ್ರಿಯಲ್ಲಿ ಉರಿಸುತ್ತಾರೆ. ರಾತ್ರಿ ತುಂಡಾದುದರಿಂದ ಗಿಡವು ಮೊಗ್ಗು ಕಟ್ಟುವುದನ್ನು ಮುಂದೂಡಿ ಎತ್ತರ ಬೆಳೆಯುತ್ತದೆ. ಇಲ್ಲಿ ಬೇಕಾದುದು ಗಿಡವನ್ನು ಬೆಳೆಸುವಷ್ಟು ಬೆಳಕಲ್ಲ; ರಾತ್ರಿಯನ್ನು ಒಡೆಯುವಷ್ಟು ಬೆಳಕು.

ಅಂಗಾಂಶ ಕೃಷಿಯ ಕೋಣೆಯದು ಬೇರೆ ಬಗೆ. ಬಾಳೆ, ಆಂಥೂರಿಯಂ ಮೊದಲಾದವುಗಳ ಎಳೆಯ ಸಸಿಗಳು ಗಾಜಿನ ಶೀಷೆಗಳಲ್ಲಿ ಬೆಳೆಯುವ ಈ ಕೋಣೆಗಳಲ್ಲಿ ಸೂರ್ಯನ ಸ್ಥಾನವನ್ನು ಟ್ಯೂಬ್‌ಲೈಟೇ ಬಹುಕಾಲ ವಹಿಸಿತ್ತು. ದಿನಕ್ಕೆ ಸಾಮಾನ್ಯವಾಗಿ ೧೬ ಗಂಟೆ ಬೆಳಕು, ೮ ಗಂಟೆ ಕತ್ತಲೆ; ಕೋಣೆಯ ಉಷ್ಣತೆ ೨೫ ಡಿಗ್ರಿಯ ಆಸುಪಾಸು. ದಿನಕ್ಕೆ ಒಂದೇ ಸಲ ಹತ್ತಿಸುವುದರಿಂದ ಟ್ಯೂಬಿನ ತುದಿಗಳು ಸವೆಯುವುದು ಕಡಿಮೆ. ಚೋಕುಗಳನ್ನು ಅಂಕಣದಿಂದ ಬಿಡಿಸಿ ಕೋಣೆಯ ಹೊರಗೆ ಹಲಗೆಯ ಮೇಲೆ ಸಾಲಾಗಿ ಬಿಗಿಯುವ ಪದ್ಧತಿಯೂ ಇತ್ತು. ಸಸಿಗಳಿಗೆ ಬಿಸಿ ತಾಗದಿರಲೆಂದು ಮಾಡಿದ ಈ ಏರ್ಪಾಡು ಚೋಕಿನ ಬಾಳನ್ನೂ ಬೆಳೆಸಿತು. ಮನೆಯಲ್ಲಿ ವರ್ಷ ತುಂಬದ ಸಾಮಾನ್ಯ ಚೋಕು ಇಂಥ ವ್ಯವಸ್ಥೆಯಲ್ಲಿ ಬಹುಕಾಲ ಬಾಳಬಲ್ಲುದು. ಮಾಲು ಒಂದೇ, ಬೇರೆಯಾದುದು ಪಾಲನೆ.

ಆದರೆ ಈ ಕೋಣೆಗಳಲ್ಲಿ ಇನ್ನೊಂದು ನಿಯಮವೂ ಇತ್ತು. ಟ್ಯೂಬು ಇನ್ನೂ ಉರಿಯುತ್ತಿದ್ದರೂ, ಗೊತ್ತಾದ ಗಂಟೆಗಳು ಕಳೆದ ಮೇಲೆ ಅದನ್ನು ತೆಗೆದುಹಾಕುತ್ತಿದ್ದರು. ಒಳಗಿನ ಲೇಪ ಮುದಿಯಾಗಿ ಬೆಳಕು ಕುಂದುವುದು ನಮ್ಮ ಕಣ್ಣಿಗೆ ಕಾಣದಿದ್ದರೂ ಸಸಿಗೆ ತಿಳಿಯುತ್ತದೆ. ಸಸಿ ಸೋತು ಸೊರಗುತ್ತದೆ. ಉರಿಯುತ್ತಿರುವುದು ಬೇರೆ, ಬೆಳಗುತ್ತಿರುವುದು ಬೇರೆ ಎಂಬುದನ್ನು ಸಸ್ಯವು ನಮಗೆ ಕಲಿಸಿತೆನ್ನಬೇಕು.

ಇಂದು ಕೆಳದಿ ಶಿವಪ್ಪನಾಯಕನ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಮನೆಯ ಮೂಲೆಯಲ್ಲಿ ನಾಲ್ಕು ಶೀಷೆ, ಎರಡು ದೀಪ ಇಟ್ಟು ಸಸಿ ಬೆಳೆಸಬಯಸುವ ತರುಣರಿಗೆ ಮೇಲಿನ ಅನುಭವವು ಈಗಲೂ ಉಪಯುಕ್ತ. ಅದನ್ನು ಹೀಗೆ ಸಂಗ್ರಹಿಸಬಹುದು: ದೀಪವನ್ನು ದಿನಕ್ಕೊಮ್ಮೆ ಮಾತ್ರ ಹಚ್ಚಿ ಆರಿಸಬೇಕು. ಚೋಕನ್ನು ದೀಪದಿಂದ ದೂರ, ಗಾಳಿಯಲ್ಲಿ, ನೀರಿನ ಹನಿ ಬೀಳದೆಡೆ, ಸುಡದ ತಗಡಿನ ಮೇಲೆ ಇಡಬೇಕು. ಮಿಣುಕುವ ಟ್ಯೂಬನ್ನು ಒಂದು ರಾತ್ರಿಯೂ ಹಾಗೆಯೇ ಬಿಡಬಾರದು. ಮೊದಲು ಸ್ಟಾರ್ಟರನ್ನು, ಅದರಿಂದ ಸರಿಹೋಗದಿದ್ದರೆ ಟ್ಯೂಬನ್ನು ಬದಲಿಸಬೇಕು. ಗುಡುಗು ಕೇಳಿದೊಡನೆ ಎಲೆಕ್ಟ್ರಾನಿಕ್ ಚೋಕಿನ ಪ್ಲಗ್ಗನ್ನು ತೆಗೆಯಬೇಕು. ವಿದ್ಯುತ್ತನ್ನು ತಪ್ಪಿಸಿದ ಮೇಲೆ ತಿಂಗಳಿಗೊಮ್ಮೆ ಧೂಳನ್ನು ಒರಸಬೇಕು. ಇದು ಅಜ್ಜಿಯರು ಲಾಟೀನಿನ ಗಾಜಿಗೆ ಮಾಡುತ್ತಿದ್ದ ಉಪಚಾರವೇ.

೭

ಟ್ಯೂಬಿನ ಕಾಲವೂ ಈಗ ಮುಗಿಯುತ್ತ ಬಂದಿದೆ. ರಾಜ್ಯದಲ್ಲಿ ೨೦೧೫ರಲ್ಲಿ ‘ಹೊಸಬೆಳಕು’ ಯೋಜನೆಯಿಂದ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದವು. ಪಾದರಸದ ಕಾರಣದಿಂದ ಟ್ಯೂಬ್‌ಲೈಟುಗಳ ತಯಾರಿಕೆಯನ್ನು ೨೦೨೭ರೊಳಗೆ ನಿಲ್ಲಿಸಬೇಕೆಂದು ೨೦೨೩ರಲ್ಲಿ ಮಿನಮಾಟ ಒಪ್ಪಂದದ ರಾಷ್ಟ್ರಗಳು ತೀರ್ಮಾನಿಸಿದವು. ಆದರೂ ಹಳೆಯ ಪಾಠ ಹಳತಾಗಿಲ್ಲ. ಎಲ್‌ಇಡಿ ದೀಪದಲ್ಲಿ ಮೊದಲು ಕೆಡುವುದು ಬಹುವಾಗಿ ಬೆಳಕಿನ ಕಣವಲ್ಲ. ಚೋಕಿನ ಸ್ಥಾನದಲ್ಲಿ ಕುಳಿತ ಡ್ರೈವರು. ಅದರ ಶತ್ರುವೂ ಬಿಸಿಯೇ, ಸಿಡಿಲೇ, ತೇವವೇ.

ಈ ಪರಿಶೀಲನೆಯಿಂದ ನಾವು ಎರಡು ನಿರ್ಣಯಗಳಿಗೆ ಬರುತ್ತೇವೆ. ದೀಪದ ಆಯುಷ್ಯವು ಅದರ ಬೆಲೆಯಲ್ಲಿ ಮಾತ್ರ ಇಲ್ಲ. ಅದು ಪಡೆದ ವಿದ್ಯುತ್ತಿನ ಗುಣ, ಇಟ್ಟ ಜಾಗ, ನೋಡಿಕೊಂಡ ಕೈ ಇವುಗಳಲ್ಲಿಯೂ ಇದೆ ಎಂಬುದು ಮೊದಲನೆಯದು. ಬಡವನ ದೀಪ ಬೇಗ ಕೆಟ್ಟಾಗ ಅವನ ಅಜ್ಞಾನವನ್ನಾಗಲಿ ಅಂಗಡಿಯವನ ಕಪಟವನ್ನಾಗಲಿ ದೂರುವ ಮುನ್ನ, ಅವನ ಮನೆ ತಂತಿಯ ಯಾವ ತುದಿಯಲ್ಲಿದೆ ಎಂದು ಕೇಳಬೇಕು.

ಎರಡನೆಯದು ಇತಿಹಾಸಕಾರರಾದ ನಮಗೆ ಸೇರಿದುದು. ಕೇಂದ್ರದ ಫಲಕದ ಮೇಲಿನ ಮೆಗಾವ್ಯಾಟುಗಳನ್ನೂ ವಿದ್ಯುದೀಕರಣಗೊಂಡ ಊರುಗಳ ಪಟ್ಟಿಯನ್ನೂ ಬರೆದು ಮುಗಿಸಿದರೆ, ಸಾಗರದ ಹಿನ್ನೀರಿನ ಮನೆಯ ಕೆಂಪು ಬಲ್ಬು ‘ದೀಪ ಬಂದಿದೆ’ ಎಂಬ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದು ವರ್ಷಗಟ್ಟಲೆ ಕೆಡದೆ ಉರಿದುದನ್ನು ಗುಣವೆಂದೂ ಬರೆದುಬಿಡಬಹುದು. ಅದರ ಕೆಳಗೆ ಓದಲಾಗದ ಮಗುವಿನ ಮಾತು ಯಾವ ಲೆಕ್ಕದಲ್ಲೂ ಬಾರದು. ಊರನ್ನು ನೀರಿಗೆ ಬಿಟ್ಟುಕೊಟ್ಟವರಿಗೆ ಎಷ್ಟು ದೀಪಗಳನ್ನು ಕೊಟ್ಟೆವು ಎಂಬುದರ ಜೊತೆಗೆ, ಆ ದೀಪಗಳು ಎಷ್ಟು ಬೆಳಗಿದವು ಎಂಬುದನ್ನೂ ಕೇಳುವುದು ನಮ್ಮ ಕರ್ತವ್ಯ. ಕೆಟ್ಟ ಚೋಕುಗಳನ್ನು ಬಿಚ್ಚಿ ನೋಡಿದ ರಿಪೇರಿಯವರೂ ಸಂಜೆಗಳನ್ನು ನೆನಪಿಟ್ಟ ಹಿರಿಯರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಈ ಮೂರು ತಾಲ್ಲೂಕುಗಳ ನಮ್ಮ ವಿದ್ಯಾರ್ಥಿಗಳು ಅವರ ಮಾತನ್ನು ಬರೆದುಕೊಳ್ಳಬೇಕೆಂದು ನಾವು ಬಯಸುತ್ತೇವೆ.